ಫೋಟೊ ಚೌಕಟ್ಟು ಮತ್ತು ಧ್ವನಿಮುದ್ರಣ ಇರುವ ಪ್ರಯಾಣದ ಅಲಾರಂ ಗಡಿಯಾರ: ಹೊಂದಿಸುವ ಕ್ರಮ ತಿಳಿಸಿ

ತೀರ್ಥಹಳ್ಳಿಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ಎಂಬತ್ತು ದಾಟಿದೆ. ಮಳೆಗಾಲದಲ್ಲಿ ಶಿವಮೊಗ್ಗದ ಅಣ್ಣನ ಮನೆಯಲ್ಲಿ, ಅಡಿಕೆ ಕೊಯ್ಲು ಶುರುವಾದ ಮೇಲೆ ಇಲ್ಲಿ ತೋಟದ ಮನೆಯಲ್ಲಿ, ನಡುವೆ ಸಾಗರದ ಅತ್ತೆಯ ಮನೆಯಲ್ಲಿ, ಹೀಗೆ ಅವರ ಓಡಾಟ ಇನ್ನೂ ನಿಂತಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ರಾತ್ರಿ ಊಟವಾದ ಮೇಲೆ ಬಿಪಿ ಮಾತ್ರೆ ತೆಗೆದುಕೊಳ್ಳಬೇಕು. ಯಾವ ಮನೆಯಲ್ಲಿದ್ದರೂ ಹೊತ್ತಿಗೆ ಸರಿಯಾಗಿ ನೆನಪಿಸುವುದು ಒಂದು ಇರಲಿ ಎಂದು ಎರಡು ಭಾಗವಾಗಿ ಮಡಚುವ ಸಣ್ಣ ಪ್ರಯಾಣದ ಗಡಿಯಾರವೊಂದನ್ನು ತರಿಸಿದ್ದೇವೆ. ಒಂದು ಭಾಗದಲ್ಲಿ ಅಂಕಿ ತೋರಿಸುವ ಗಡಿಯಾರವಿದೆ, ಇನ್ನೊಂದು ಭಾಗದಲ್ಲಿ ಅಂಗೈಗಿಂತ ಚಿಕ್ಕದಾದ ಫೋಟೊ ಚೌಕಟ್ಟು. ಬೀಪ್ ಸದ್ದಿನ ಬದಲು ನಾವೇ ಮಾತನಾಡಿ ತುಂಬಿದ ಧ್ವನಿಯನ್ನು ಅಲಾರಂ ಆಗಿ ಕೇಳಿಸುವ ಸೌಲಭ್ಯವೂ ಇದೆ.

ಹಿಂಬದಿಯಲ್ಲಿ ಮೋಡ್, ಸೆಟ್, ಅಪ್, ರೆಕ್, ಪ್ಲೇ ಎಂಬ ಗುಂಡಿಗಳೂ, ಅತ್ತಿತ್ತ ಸರಿಸುವ ಒಂದು ಸ್ವಿಚ್ಚೂ, ಸೂಜಿಯ ಮೊನೆಯಷ್ಟು ಎರಡು ತೂತುಗಳೂ ಇವೆ. ಜೊತೆಗೆ ಬಂದ ಸೂಚನೆಯ ಚೀಟಿಯ ಅಕ್ಷರಗಳು ಭೂತಗನ್ನಡಿ ಹಿಡಿದರೂ ಓದಲಾಗದಷ್ಟು ಸಣ್ಣವು. ಅಪ್ಪಯ್ಯನಿಗೆ ಮೊಮ್ಮಗಳ ಧ್ವನಿಯನ್ನೂ, ಅಮ್ಮನೊಂದಿಗೆ ಅವರು ನಿಂತಿರುವ ಹಳೆಯ ಫೋಟೊವನ್ನೂ ಇದರಲ್ಲಿ ಹಾಕಬೇಕೆಂದಿದ್ದೇವೆ. ಯಾವುದನ್ನು ಮೊದಲು ಮಾಡಬೇಕು, ಏನನ್ನು ಮಾಡಬಾರದು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಸಾಗರ ರಿಪೇರಿ ಅಂಗಡಿ

ಮೇಡಂ, ಗಡಿಯಾರ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ಫೋಟೊ ಹಾಕುತ್ತಾರೆ, ಆಮೇಲೆ ಧ್ವನಿ ತುಂಬುತ್ತಾರೆ, ಕೊನೆಗೆ ಸಮಯ ಹೊಂದಿಸುತ್ತಾರೆ. ನೀವು ಈ ಕ್ರಮವನ್ನು ಪೂರ್ತಿ ತಿರುವಿ ಹಾಕಿರಿ. ಮೊದಲು ಸೆಲ್, ನಂತರ ಸಮಯ, ನಂತರ ಸುಮ್ಮನೆ ಒಂದು ಪರೀಕ್ಷೆಯ ಧ್ವನಿ, ಅದು ಪಾಸಾದ ಮೇಲೆ ಮೊಮ್ಮಗಳ ಧ್ವನಿ, ಎಲ್ಲ ಮುಗಿದ ಮೇಲೆ ಫೋಟೊ.

ಸೆಲ್ ಇಡುವ ಜಾಗವನ್ನು ತೆರೆದು ನೋಡಿ. ಇಂತಹ ಗಡಿಯಾರಗಳಲ್ಲಿ ಅನೇಕವಕ್ಕೆ ಎರಡು ಬೇರೆ ಬೇರೆ ಖಾನೆಗಳಿರುತ್ತವೆ: ಗಡಿಯಾರಕ್ಕೆ ಎಲ್‌ಆರ್ 44 ಎಂಬ ಬಟನ್ ಸೆಲ್ (ಎಜಿ 13 ಎಂದು ಬರೆದಿದ್ದರೂ ಅಳತೆ ಅದೇ), ಧ್ವನಿಯ ಭಾಗಕ್ಕೆ ರಿಮೋಟ್‌ಗೆ ಹಾಕುವ ಸಣ್ಣ ಎಎಎ ಸೆಲ್‌ಗಳು. ಗಡಿಯಾರಕ್ಕೆ ಬೇಕಾಗುವ ವಿದ್ಯುತ್ತು ತೀರಾ ಅಲ್ಪ. ಸ್ಪೀಕರ್ ಮಾತನಾಡುವಾಗ ಅದರ ಸಾವಿರಾರು ಪಟ್ಟು ಬೇಕು. ಆದ್ದರಿಂದಲೇ ಸಮಯ ಸರಿಯಾಗಿ ತೋರಿಸುತ್ತಿದ್ದರೂ ಅಲಾರಂ ಹೊಡೆಯುವಾಗ ಧ್ವನಿ ಎಳೆದುಕೊಂಡು, ದಪ್ಪಗಾಗಿ, ಕಡೆಗೆ ನಿಂತೇ ಹೋಗುವುದುಂಟು. ಆಗ ಗಡಿಯಾರ ಕೆಟ್ಟಿತೆಂದು ತಿಳಿಯಬೇಡಿ, ಧ್ವನಿಯ ಖಾನೆಯ ಸೆಲ್ ಬದಲಿಸಿ. ಬಟನ್ ಸೆಲ್‌ನ ಅಗಲವಾದ ನುಣುಪು ಮುಖವೇ ಧನ, ಅಂದರೆ ಪ್ಲಸ್ ತುದಿ. ಹೊಸ ಗಡಿಯಾರದಲ್ಲಿ ಸೆಲ್‌ಗೂ ಲೋಹದ ತಗಡಿಗೂ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ಇಟ್ಟಿರುತ್ತಾರೆ. ಅದನ್ನು ಎಳೆದು ತೆಗೆಯಿರಿ, ಆದರೆ ಎಸೆಯದೆ ಇಟ್ಟುಕೊಳ್ಳಿ, ಪ್ರಯಾಣದಲ್ಲಿ ಉಪಯೋಗಕ್ಕೆ ಬರುತ್ತದೆ.

ಸೆಲ್ ಹಾಕಿದೊಡನೆ 12:00 ಎಂದು ಮಿನುಗುತ್ತದೆ. ಅಂಕಿಗಳು ಅರ್ಧಂಬರ್ಧ ಕಾಣಿಸಿದರೆ ರೀಸೆಟ್ ಎಂದು ಬರೆದಿರುವ ತೂತಿಗೆ ಗುಂಡುಸೂಜಿಯನ್ನು ಮೆಲ್ಲಗೆ ಒತ್ತಿ ಬಿಡಿ. ಇನ್ನೊಂದು ತೂತು ಮೈಕಿನದು, ಅದರೊಳಗೆ ಏನನ್ನೂ ಚುಚ್ಚಬಾರದು. ಸಾಮಾನ್ಯವಾಗಿ ಸೆಟ್ ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿದರೆ ಗಂಟೆಯ ಅಂಕಿ ಮಿನುಗತೊಡಗುತ್ತದೆ, ಅಪ್ ಒತ್ತಿದರೆ ಏರುತ್ತದೆ, ಮತ್ತೆ ಸೆಟ್ ಒತ್ತಿದರೆ ನಿಮಿಷಕ್ಕೆ ಹೋಗುತ್ತದೆ. ಮೋಡ್ ಒತ್ತಿ ಅಲಾರಂ ಪುಟಕ್ಕೆ ಹೋಗಿ ಇದನ್ನೇ ಮಾಡಬೇಕು. ಗಂಟೆಯ ಚಿತ್ರ ಪರದೆಯ ಮೇಲೆ ಮೂಡಿದರೆ ಮಾತ್ರ ಅಲಾರಂ ಜಾರಿಯಲ್ಲಿದೆ ಎಂದರ್ಥ. ಸಮಯ ಹೊಂದಿಸಿದ ಮಾತ್ರಕ್ಕೆ ಅದು ಹೊಡೆಯುವುದಿಲ್ಲ.

24 ಗಂಟೆಯ ಕ್ರಮ ಇದ್ದರೆ ಅದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಒತ್ತಾಯ. ಅಲಾರಂ ಹೊಡೆಯಲಿಲ್ಲವೆಂದು ಅಂಗಡಿಗೆ ಬರುವ ಗಡಿಯಾರಗಳಲ್ಲಿ ಬಹುಪಾಲು ಬೆಳಗಿನ ಆರರ ಬದಲು ಸಂಜೆಯ ಆರಕ್ಕೆ ಹೊಂದಿಕೊಂಡಿರುತ್ತವೆ. ಪಿಎಂ ಎಂಬ ಅಕ್ಷರ ಎಳ್ಳಿನಷ್ಟು ಚಿಕ್ಕದು, ವಯಸ್ಸಾದವರ ಕಣ್ಣಿಗೆ ಬೀಳುವುದೇ ಇಲ್ಲ. 06:00 ಮತ್ತು 18:00 ಎಂದಿದ್ದರೆ ಈ ಗೊಂದಲಕ್ಕೆ ಎಡೆಯಿರುವುದಿಲ್ಲ.

ಹೊಸನಗರದ ಮೇಷ್ಟ್ರು

ತಾವೆಲ್ಲರೂ ಶ್ರದ್ಧೆಯಿಂದ ಬರೆಯುತ್ತಿದ್ದೀರಿ, ಆದರೂ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಮೊಬೈಲಿನಲ್ಲಿ ಎಷ್ಟು ಬೇಕಾದರೂ ಅಲಾರಂ ಇಡಬಹುದು, ಯಾರ ಧ್ವನಿಯನ್ನಾದರೂ ಅದಕ್ಕೆ ಜೋಡಿಸಬಹುದು, ಫೋಟೊ ಸಹ ಕಾಣುವಂತೆ ಮಾಡಬಹುದು. ಹೀಗಿರುವಾಗ ಬೇರೆಯೇ ಒಂದು ಗಡಿಯಾರದ ಅಗತ್ಯವೇನು?

ತೀರ್ಥಹಳ್ಳಿಯ ಮಗಳು

ಮೇಷ್ಟ್ರೇ, ನಮ್ಮ ಕಡೆ ಮಳೆ ಹಿಡಿದು ಮರ ಬಿದ್ದರೆ ಕರೆಂಟು ಬರುವುದು ಯಾವಾಗ ಎಂದು ಹೇಳುವಂತಿಲ್ಲ ಎಂಬುದು ತಮಗೂ ಗೊತ್ತು. ಮೊಬೈಲಿನ ಚಾರ್ಜು ಮುಗಿದರೆ ಅಲಾರಮ್ಮೂ ಮುಗಿದಂತೆ. ಅದಲ್ಲದೆ ಅಪ್ಪಯ್ಯನ ಬಳಿ ಇರುವುದು ಗುಂಡಿಗಳ ಸಣ್ಣ ಫೋನು. ಅದನ್ನೂ ಅವರು ರಾತ್ರಿ ಆರಿಸಿಯೇ ಮಲಗುತ್ತಾರೆ. ತಲೆದಿಂಬಿನ ಪಕ್ಕದಲ್ಲಿ ಗಡಿಯಾರ ಇಟ್ಟುಕೊಳ್ಳುವುದು ಅವರಿಗೆ ಮೊದಲಿನಿಂದಲೂ ರೂಢಿ. ಹೊಸ ಅಭ್ಯಾಸ ಕಲಿಸುವುದಕ್ಕಿಂತ ಇರುವ ಅಭ್ಯಾಸದಲ್ಲಿಯೇ ಕೆಲಸ ಸಾಗುವಂತೆ ಮಾಡುವುದು ಮೇಲೆಂದು ನಮಗೆ ಅನ್ನಿಸಿತು.

ಭದ್ರಾವತಿ ನಿವೃತ್ತ ತಂತ್ರಜ್ಞ

ಸಾಗರದವರು ಹೇಳಿದ ‘ಪರೀಕ್ಷೆಯ ಧ್ವನಿ’ ಎಂಬುದನ್ನು ನಾನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ.

ಇಂತಹ ಗಡಿಯಾರಗಳಲ್ಲಿ ಧ್ವನಿಯನ್ನು ಹಿಡಿದಿಡುವ ಚಿಪ್‌ಗಳು ಎರಡು ಬಗೆಯವು. ಒಂದು ಬಗೆಯದು ಸೆಲ್ ತೆಗೆದರೂ ಧ್ವನಿಯನ್ನು ಮರೆಯುವುದಿಲ್ಲ. ಐಎಸ್‌ಡಿ 1820 ಎಂಬುದು ಇದಕ್ಕೆ ಒಳ್ಳೆಯ ಉದಾಹರಣೆ. ಧ್ವನಿಯ ಏರಿಳಿತವನ್ನು ಅಂಕಿಗಳಾಗಿ ಬದಲಾಯಿಸದೆ, ನೇರವಾಗಿ ವಿದ್ಯುದಾವೇಶದ ಮಟ್ಟಗಳಾಗಿ ತನ್ನ ನೆನಪಿನ ಕೋಶಗಳಲ್ಲಿ ಇಟ್ಟುಕೊಳ್ಳುವ ತಂತ್ರ ಅದರದು. ವಿದ್ಯುತ್ತಿಲ್ಲದೆ ನೂರು ವರ್ಷ ಧ್ವನಿ ಉಳಿಯಬಲ್ಲದು, ಒಂದು ಲಕ್ಷ ಸಲ ಅಳಿಸಿ ಬರೆಯಬಹುದು ಎಂದು ತಯಾರಕರ ವಿವರಣಾ ಪತ್ರದಲ್ಲಿಯೇ ಇದೆ. ಇನ್ನೊಂದು ಬಗೆಯ ಅಗ್ಗದ ಚಿಪ್‌ಗಳು ಸೆಲ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತವೆ, ಸೆಲ್ ತೆಗೆದರೆ ಎಲ್ಲವೂ ಅಳಿಸಿಹೋಗುತ್ತದೆ. ಹೊರಗಿನಿಂದ ನೋಡಿ ಯಾವುದು ಯಾವ ಬಗೆಯೆಂದು ಹೇಳಲಾಗದು. ಬಿಚ್ಚಿ ನೋಡಿದರೂ ಹಸಿರು ಹಲಗೆಯ ಮೇಲೆ ಕಪ್ಪು ಅಂಟಿನ ಒಂದು ಗುಳ್ಳೆಯಷ್ಟೇ ಕಾಣುತ್ತದೆ, ಹೆಸರಾಗಲಿ ಸಂಖ್ಯೆಯಾಗಲಿ ಇರುವುದಿಲ್ಲ.

ಆದ್ದರಿಂದ ರೆಕ್ ಗುಂಡಿ ಒತ್ತಿ ‘ಒಂದು, ಎರಡು, ಮೂರು’ ಎಂದು ಹೇಳಿ. ಪ್ಲೇ ಒತ್ತಿ ಕೇಳಿ. ನಂತರ ಎರಡೂ ಖಾನೆಗಳ ಸೆಲ್‌ಗಳನ್ನು ಹೊರತೆಗೆದು ಒಂದು ರಾತ್ರಿ ಹಾಗೆಯೇ ಬಿಡಿ. ಅರೆಗಳಿಗೆ ತೆಗೆದು ಮತ್ತೆ ಹಾಕಿದರೆ ಸಾಲದು, ಹಲಗೆಯ ಮೇಲಿರುವ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ತು ಸ್ವಲ್ಪ ಹೊತ್ತು ಚಿಪ್ಪನ್ನು ಜೀವಂತವಾಗಿ ಇಟ್ಟು ನಮ್ಮನ್ನು ನಂಬಿಸಿಬಿಡುತ್ತದೆ. ಬೆಳಿಗ್ಗೆ ಸೆಲ್ ಹಾಕಿ ಪ್ಲೇ ಒತ್ತಿದಾಗ ‘ಒಂದು, ಎರಡು, ಮೂರು’ ಕೇಳಿಸಿದರೆ ನಿಮ್ಮದು ಮೊದಲ ಬಗೆಯದು. ಕೇಳಿಸದಿದ್ದರೂ ಬಳಸಬಹುದು, ಆದರೆ ಅದರೊಳಗಿನ ಧ್ವನಿ ಯಾವಾಗಲೂ ಬೇರೆಡೆ ಇಟ್ಟುಕೊಂಡಿರುವ ಧ್ವನಿಯ ನಕಲು ಮಾತ್ರ ಆಗಿರಬೇಕು. ಬೆಲೆ ಕಟ್ಟಲಾಗದ ಧ್ವನಿಗೆ ಆ ಗಡಿಯಾರವೊಂದೇ ನೆಲೆಯಾಗಬಾರದು.

ಇನ್ನು ಧ್ವನಿಯ ಗುಣದ ವಿಚಾರ. ಹತ್ತು ಸೆಕೆಂಡಿನ ಬದಲು ಇಪ್ಪತ್ತು ಸೆಕೆಂಡು ತುಂಬಬಹುದೆಂಬುದನ್ನು ಜನರು ದೊಡ್ಡ ಅನುಕೂಲವೆಂದು ಭಾವಿಸುತ್ತಾರೆ. ಕೋಶಗಳ ಸಂಖ್ಯೆ ಅಷ್ಟೇ ಇರುವಾಗ ಹೊತ್ತು ಹೆಚ್ಚಿದಂತೆಲ್ಲ ಸ್ಪಷ್ಟತೆ ಇಳಿಯಲೇಬೇಕು. ನಾನು ಹೇಳಿದ ಚಿಪ್ಪಿನಲ್ಲಿಯೇ ಎಂಟು ಸೆಕೆಂಡಿಗೆ ಹೊಂದಿಸಿದರೆ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ, ಇಪ್ಪತ್ತು ಸೆಕೆಂಡಿಗೆ ಹೊಂದಿಸಿದರೆ 3,200 ಸಲ ಮಾತ್ರ. ಮೊದಲನೆಯದರಲ್ಲಿ 3,400 ಹರ್ಟ್ಸ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನದ) ಸ್ವರ ಉಳಿಯುತ್ತದೆ, ಎರಡನೆಯದರಲ್ಲಿ 1,300ರವರೆಗೆ ಮಾತ್ರ. ‘ಸ’, ‘ಶ’, ‘ಚ’ ಮುಂತಾದ ಅಕ್ಷರಗಳು ಆಗ ಮಬ್ಬಾಗಿ ಒಂದರೊಳಗೊಂದು ಬೆರೆತುಹೋಗುತ್ತವೆ. ಹೆಚ್ಚಿನ ಗಡಿಯಾರಗಳಲ್ಲಿ ಇದನ್ನು ನಾವು ಬದಲಾಯಿಸಲಾಗುವುದಿಲ್ಲ. ಕೊಳ್ಳುವ ಮೊದಲು ಆಯ್ಕೆಯಿದ್ದರೆ ಕಡಿಮೆ ಸೆಕೆಂಡಿನದನ್ನೇ ಆರಿಸುವುದು ಒಳ್ಳೆಯದು.

ಎರಡು ಎಎಎ ಸೆಲ್ ಹಾಕುವ ಗಡಿಯಾರಕ್ಕೆ ಚಾರ್ಜು ಮಾಡುವ ಸೆಲ್‌ಗಳನ್ನು ಹಾಕಬೇಡಿ. ಅವು ತಲಾ 1.2 ವೋಲ್ಟ್, ಎರಡು ಸೇರಿದರೆ 2.4. ಆ ಚಿಪ್ಪು ಕೆಲಸ ಮಾಡಲು ಬೇಕಾದ ಕನಿಷ್ಠವೂ ಅಷ್ಟೇ. ಸ್ಪೀಕರ್ ಎಳೆದ ಕೂಡಲೇ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಸಾಧಾರಣ ಆಲ್ಕಲೈನ್ ಸೆಲ್ಲೇ ಸರಿ.

ತೀರ್ಥಹಳ್ಳಿಯ ಮಗಳು

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಸರ್. ಪರೀಕ್ಷೆಗೆ ಸೆಲ್ ತೆಗೆದಿಟ್ಟಿದ್ದೇನೆ. ಮೊಮ್ಮಗಳಿಂದ ಏನು ಹೇಳಿಸಬೇಕು, ಎಲ್ಲಿ ಕುಳಿತು ಹೇಳಿಸಬೇಕು ಎಂಬುದನ್ನೂ ತಿಳಿಸಿ. ಇಲ್ಲಿ ಈಗ ಹಗಲಿರುಳೂ ಮಳೆ.

ಭದ್ರಾವತಿ ನಿವೃತ್ತ ತಂತ್ರಜ್ಞ

ಮಳೆಯ ಸದ್ದಿನ ನಡುವೆ ಹಂಚಿನ ಅಥವಾ ತಗಡಿನ ಮಾಡಿನ ಕೆಳಗೆ ಧ್ವನಿ ತುಂಬಬೇಡಿ. ಈ ಚಿಪ್‌ಗಳು ಸಣ್ಣ ಧ್ವನಿಯನ್ನು ತಾವಾಗಿಯೇ ದೊಡ್ಡದು ಮಾಡುತ್ತವೆ. ಮಗು ಮಾತು ನಿಲ್ಲಿಸಿದ ಕ್ಷಣದಲ್ಲಿ ಮಾಡಿನ ಮೇಲಿನ ಮಳೆಯೇ ಎದ್ದು ಬಂದು ಮಾತನ್ನು ಮುಚ್ಚಿಬಿಡುತ್ತದೆ. ಹಾಸಿಗೆ, ಕಂಬಳಿ, ಬಟ್ಟೆಗಳಿರುವ ಒಳಕೋಣೆ ಒಳ್ಳೆಯದು. ಇಲ್ಲವಾದರೆ ಹೊಳವಾಗುವವರೆಗೆ ಕಾಯಿರಿ. ಮೈಕಿನ ತೂತಿನಿಂದ ಬಾಯಿ ಅರ್ಧ ಗೇಣು ದೂರವಿರಲಿ, ನೇರವಾಗಿ ಅಲ್ಲದೆ ತುಸು ಪಕ್ಕದಿಂದ ಮಾತನಾಡಲಿ. ಇಲ್ಲದಿದ್ದರೆ ‘ಪ’, ‘ಬ’ ಬಂದಾಗ ಉಸಿರು ಬಡಿದು ಸ್ಫೋಟದಂತೆ ಕೇಳುತ್ತದೆ. ರೆಕ್ ಒತ್ತಿ ಗಡಿಯಾರದ ದೀಪ ಹತ್ತಿದ ಮೇಲೆ ಒಂದು ಕ್ಷಣ ಬಿಟ್ಟು ಮಾತು ಆರಂಭಿಸಬೇಕು. ಮಾತು ಮುಗಿಯುವವರೆಗೂ ರೆಕ್ ಗುಂಡಿಯನ್ನು ದೊಡ್ಡವರು ಒತ್ತಿ ಹಿಡಿದಿರಲಿ, ಮಗುವಿನ ಬೆರಳು ಜಾರಿದರೆ ಮಾತು ಅಲ್ಲಿಗೇ ತುಂಡಾಗುತ್ತದೆ.

ಏನು ಹೇಳಿಸಬೇಕು ಎಂಬುದಕ್ಕೆ ನನ್ನದೊಂದು ಸಲಹೆ ಇದೆ. ನಿದ್ದೆಯಲ್ಲಿರುವವರ ಕಿವಿಗೆ ಮೊದಲ ಪದ ಬೀಳುವುದಿಲ್ಲ, ಅದು ಎಚ್ಚರಿಸುವುದಕ್ಕೆ ಖರ್ಚಾಗುತ್ತದೆ. ಆದ್ದರಿಂದ ಮೊದಲು ಕರೆಯಬೇಕು, ಒಂದು ಉಸಿರು ಬಿಡಬೇಕು, ಆಮೇಲೆ ವಿಷಯ ಹೇಳಬೇಕು: ‘ಅಜ್ಜಯ್ಯಾ... ಅಜ್ಜಯ್ಯಾ, ಮಾತ್ರೆ ತಗೊಳ್ಳಿ. ನೀರು ಪಕ್ಕದಲ್ಲೇ ಇದೆ.’ ಇಷ್ಟು ಸಾಕು. ಹತ್ತು ಸೆಕೆಂಡಿನಲ್ಲಿ ನಿಧಾನವಾಗಿ ಹೇಳಿದರೆ ಹನ್ನೆರಡು, ಹದಿನೈದು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗೆಯೇ ಮೊಮ್ಮಗಳು ಕಿರುಚದೆ ಎಂದಿನ ಧ್ವನಿಯಲ್ಲಿ ಹೇಳಲಿ. ವಯಸ್ಸಾದಂತೆ ಮೊದಲು ಕುಂದುವುದು ತಾರಸ್ವರವನ್ನು ಕೇಳುವ ಶಕ್ತಿ. ಗಡಿಯಾರದ ಬೀಪ್ ಸಾಮಾನ್ಯವಾಗಿ ಎರಡು ಸಾವಿರ ಹರ್ಟ್ಸ್‌ಗಿಂತ ಮೇಲಿರುತ್ತದೆ, ಅನೇಕ ಹಿರಿಯರಿಗೆ ಅದು ಮುಟ್ಟುವುದೇ ಇಲ್ಲ. ಅಮೆರಿಕದಲ್ಲಿ ಕಿವಿ ಮಂದವಾದವರು ಮಲಗುವ ಕೋಣೆಗಳ ಬೆಂಕಿ ಎಚ್ಚರಿಕೆಗೆ 520 ಹರ್ಟ್ಸ್‌ನ ತಗ್ಗಿನ ಸದ್ದನ್ನೇ ಗೊತ್ತುಪಡಿಸಿರುವುದು ಈ ಕಾರಣಕ್ಕಾಗಿಯೇ. ಮಾತಿನ ಸ್ವರಗಳ ಬಲವೆಲ್ಲ ಇರುವುದು ಆ ತಗ್ಗಿನ ಭಾಗದಲ್ಲಿ. ಅಪ್ಪಯ್ಯನವರಿಗೆ ಬೀಪ್‌ಗಿಂತ ಮಾತೇ ಸರಿ ಎಂಬ ನಿಮ್ಮ ಆಯ್ಕೆಗೆ ಶಾಸ್ತ್ರದ ಬೆಂಬಲವೂ ಇದೆ.

ಕೊಪ್ಪದ ಸೊಸೆ

ಈ ಚರ್ಚೆಯನ್ನು ಓದುತ್ತಾ ನನ್ನ ಎದೆ ಹೊಡೆದುಕೊಳ್ಳತೊಡಗಿದೆ, ಅದಕ್ಕಾಗಿ ನಡುವೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿಯೂ ಇಂತಹದೇ ಹಳೆಯ ಗಡಿಯಾರವಿದೆ. ನಮ್ಮ ಮಾವನವರು ತೀರಿಕೊಳ್ಳುವ ಮೊದಲು ನನ್ನ ಮಗನನ್ನು ಪರೀಕ್ಷೆಯ ದಿನಗಳಲ್ಲಿ ಎಬ್ಬಿಸಲೆಂದು ಅದರಲ್ಲಿ ತಮ್ಮ ಧ್ವನಿಯನ್ನು ತುಂಬಿದ್ದರು. ಅವರ ಧ್ವನಿ ಬೇರೆಲ್ಲಿಯೂ ನಮ್ಮ ಬಳಿ ಇಲ್ಲ. ಈಗ ಪ್ಲೇ ಒತ್ತಿದರೆ ಮಾತು ಬರುತ್ತದೆ, ಆದರೆ ಕುಂಟುತ್ತಾ, ನಿಧಾನವಾಗಿ. ಸೆಲ್ ಬದಲಿಸಬೇಕೆಂದು ಈ ವಾರವೇ ಶೃಂಗೇರಿಯಿಂದ ಹೊಸ ಸೆಲ್ ತರಿಸಿದ್ದೆವು. ಬದಲಿಸಬಹುದೇ? ದಯವಿಟ್ಟು ಬೇಗ ತಿಳಿಸಿ.

ಭದ್ರಾವತಿ ನಿವೃತ್ತ ತಂತ್ರಜ್ಞ

ಅಮ್ಮಾ, ಸೆಲ್ ಮುಟ್ಟಬೇಡಿ. ಗಡಿಯಾರವನ್ನು ಯಾರೂ ಕೈಗೆ ತೆಗೆದುಕೊಳ್ಳದ ಜಾಗದಲ್ಲಿ ಇಡಿ. ರೆಕ್ ಗುಂಡಿಯ ಮೇಲೆ ಬೆರಳು ಹೋಗದಂತೆ ರಟ್ಟಿನ ಒಂದು ಸಣ್ಣ ಚೂರನ್ನು ಸುತ್ತ ಅಂಟಿಸಿರಿ, ಗುಂಡಿ ಒತ್ತಿಹೋಗದಂತೆ ನೋಡಿಕೊಳ್ಳಿ. ಅಲಾರಮ್ಮಿನ ಸ್ವಿಚ್ಚನ್ನು ಆಫ್ ಮಾಡಿ, ಏಕೆಂದರೆ ಪ್ರತಿದಿನ ತಾನಾಗಿ ಹೊಡೆಯುತ್ತಿದ್ದರೆ ಉಳಿದಿರುವ ಸ್ವಲ್ಪ ಶಕ್ತಿಯೂ ಬಸಿದುಹೋಗುತ್ತದೆ.

ಮೊದಲು, ಈಗಲೇ, ಈ ಕುಂಟುವ ಧ್ವನಿಯನ್ನೇ ಮೊಬೈಲಿನ ರೆಕಾರ್ಡರ್‌ನಲ್ಲಿ ಹಿಡಿದುಕೊಳ್ಳಿ. ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಮೊಬೈಲಿನ ಮೈಕನ್ನು ಗಡಿಯಾರದ ಸ್ಪೀಕರ್‌ಗೆ ನಾಲ್ಕು ಬೆರಳಿನಷ್ಟು ಹತ್ತಿರ ಇಟ್ಟು, ಮೊಬೈಲಿನಲ್ಲಿ ರೆಕಾರ್ಡಿಂಗ್ ಆರಂಭಿಸಿದ ಮೇಲೆಯೇ ಪ್ಲೇ ಒತ್ತಿ. ಎರಡು ಸಲ ಸಾಕು. ನಿಧಾನವಾಗಿ ಬಂದ ಧ್ವನಿಯನ್ನು ಕಂಪ್ಯೂಟರಿನಲ್ಲಿ ಸರಿಯಾದ ವೇಗಕ್ಕೆ ತರಲು ಸಾಧ್ಯವಿದೆ, ಇಲ್ಲದ ಧ್ವನಿಯನ್ನು ತರಲಾಗುವುದಿಲ್ಲ. ಆ ಕಡತವನ್ನು ಮೊಬೈಲಿನಲ್ಲಿ ಮಾತ್ರ ಬಿಡದೆ ಮನೆಯ ಇನ್ನೊಬ್ಬರಿಗೂ ಕಳುಹಿಸಿ, ಪೆನ್‌ಡ್ರೈವಿಗೂ ಹಾಕಿಡಿ.

ಕೊಪ್ಪದ ಸೊಸೆ

ಹೇಳಿದಂತೆಯೇ ಮಾಡಿದೆವು. ಮಗನ ಹೆಸರನ್ನು ಕೂಗಿ, ‘ಏಳು, ಬೆಳಗಾಯ್ತು, ಮುಖ ತೊಳ್ಕೊಂಡು ಓದೋಕೆ ಕೂತ್ಕೋ’ ಎನ್ನುವುದು ಪೂರ್ತಿಯಾಗಿ ಸಿಕ್ಕಿದೆ. ಕೊನೆಯಲ್ಲಿ ಅವರು ಕೆಮ್ಮಿದ್ದು ಕೂಡ ಇದೆ. ಅತ್ತೆಯವರು ಕೇಳಿದರು. ಈಗ ಸೆಲ್ ಬದಲಿಸಬಹುದೇ, ಅಥವಾ ಇನ್ನೂ ಚೆನ್ನಾಗಿ ತೆಗೆಯುವ ದಾರಿ ಇದೆಯೇ?

ಸಾಗರ ರಿಪೇರಿ ಅಂಗಡಿ

ಇದೆ, ಆದರೆ ಮನೆಯಲ್ಲಿ ಮಾಡುವಂತಹುದಲ್ಲ; ಕೈ ಪಳಗಿದವರ ಬಳಿ ಒಯ್ಯಬೇಕು. ಸೆಲ್ ಖಾನೆಯ ಎರಡು ಲೋಹದ ತುದಿಗಳಿಗೆ ಹೊರಗಿನಿಂದ ಅಷ್ಟೇ ವೋಲ್ಟಿನ ಸೆಲ್‌ಗಳನ್ನು ತಂತಿಯ ಮೂಲಕ ಧನ ಧನಕ್ಕೆ, ಋಣ ಋಣಕ್ಕೆ ಸೇರಿಸಿ, ಆಮೇಲೆ ಹಳೆಯ ಸೆಲ್‌ಗಳನ್ನು ಒಂದೊಂದಾಗಿ ಹೊರತೆಗೆಯುತ್ತೇವೆ. ಹೀಗೆ ಮಾಡಿದರೆ ಚಿಪ್ಪಿಗೆ ಒಂದು ಕ್ಷಣವೂ ವಿದ್ಯುತ್ತು ತಪ್ಪುವುದಿಲ್ಲ. ಅದು ಯಾವ ಬಗೆಯ ಚಿಪ್ಪು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೊಸ ಸೆಲ್‌ನ ಬಲ ಸಿಕ್ಕ ಮೇಲೆ ಧ್ವನಿ ತನ್ನ ಸಹಜ ವೇಗಕ್ಕೆ ಬರುತ್ತದೆ, ಆಗ ಮತ್ತೊಮ್ಮೆ ಮೊಬೈಲಿನಲ್ಲಿ ಹಿಡಿಯಬಹುದು.

ಅಂಗಡಿಯವರಿಗೆ ಗಡಿಯಾರ ಕೊಡುವಾಗ ‘ಸೆಲ್ ಹಾಕಿಕೊಡಿ’ ಎಂದಷ್ಟೇ ಹೇಳಬೇಡಿ. ‘ಒಳಗಿರುವ ಧ್ವನಿ ಉಳಿಯಬೇಕು’ ಎಂದು ಎದುರು ನಿಂತು ಹೇಳಿ, ಬಿಟ್ಟು ಬರಬೇಡಿ. ರಿಪೇರಿಗೆ ಬಂದ ಗಡಿಯಾರದ ಎಲ್ಲ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುವುದು ನಮ್ಮ ಕಸುಬಿನವರ ಸಹಜ ಅಭ್ಯಾಸ. ರೆಕ್ ಗುಂಡಿಯನ್ನು ಅರೆಕ್ಷಣ ಒತ್ತಿದರೂ ಹಳೆಯ ಧ್ವನಿ ಹೋದಂತೆಯೇ.

ಭದ್ರಾವತಿ ನಿವೃತ್ತ ತಂತ್ರಜ್ಞ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಸ್ಪೀಕರ್‌ನ ತಂತಿಗಳಿಂದಲೇ ನೇರವಾಗಿ ಕಂಪ್ಯೂಟರಿಗೆ ಧ್ವನಿ ತೆಗೆಯಲು ಯಾರಾದರೂ ಹೊರಟರೆ, ಇಂತಹ ಚಿಪ್‌ಗಳಲ್ಲಿ ಸ್ಪೀಕರ್‌ನ ಎರಡು ತುದಿಗಳಿಗೂ ಚಿಪ್ಪೇ ವಿದ್ಯುತ್ತು ಕೊಡುತ್ತಿರುತ್ತದೆ, ಅವುಗಳಲ್ಲಿ ಯಾವುದೂ ಗ್ರೌಂಡ್ (ಸೊನ್ನೆ ವೋಲ್ಟಿನ ತುದಿ) ಅಲ್ಲ ಎಂಬುದು ಅವರಿಗೆ ತಿಳಿದಿರಬೇಕು. ಒಂದು ತುದಿಯನ್ನು ಕಂಪ್ಯೂಟರಿನ ಗ್ರೌಂಡಿಗೆ ಸೇರಿಸಿದರೆ ಚಿಪ್ಪು ಸುಟ್ಟುಹೋಗಬಹುದು. ನಡುವೆ ಸಣ್ಣ ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿಯೇ ತೆಗೆಯಬೇಕು. ನಿಮ್ಮ ಗಡಿಯಾರದ ಮಟ್ಟಿಗೆ ಮೊಬೈಲಿನ ದಾರಿಯೇ ಸಾಕೆಂದು ನನ್ನ ಅಭಿಪ್ರಾಯ. ಹಿರಿಯರ ಧ್ವನಿಗೆ ಅಪಾಯ ತಂದುಕೊಂಡು ಪಡೆಯುವ ಹೆಚ್ಚಿನ ಸ್ಪಷ್ಟತೆ ಬೇಕಿಲ್ಲ.

ದುರ್ಗಿಗುಡಿ ಸ್ಟುಡಿಯೊ

ಫೋಟೊದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ. ಹಳೆಯ ಮೂಲ ಫೋಟೊವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಅದನ್ನು ಸ್ಕ್ಯಾನ್ ಮಾಡಿಸಿ, ಬೇಕಾದ ಅಳತೆಗೆ ಹೊಸ ಪ್ರತಿ ಹಾಕಿಸಿಕೊಳ್ಳಿ. ಚೌಕಟ್ಟಿನೊಳಗೆ ಮಾದರಿಗೆಂದು ಇಟ್ಟಿರುವ ಕಾಗದವನ್ನು ಹೊರತೆಗೆದು ಸ್ಟುಡಿಯೊಗೆ ಅದನ್ನೇ ಒಯ್ದರೆ ಅಳತೆಯ ತೊಂದರೆ ಇರುವುದಿಲ್ಲ. ಕೆಲವಕ್ಕೆ 35 ಗುಣಿಸು 45 ಮಿಲಿಮೀಟರಿನ ಪಾಸ್‌ಪೋರ್ಟ್ ಅಳತೆಯೇ ಹೊಂದುತ್ತದೆ, ಕೆಲವು ಅದಕ್ಕಿಂತ ತುಸು ದೊಡ್ಡವು. ಇಷ್ಟು ಸಣ್ಣ ಜಾಗದಲ್ಲಿ ಇಬ್ಬರು ನಿಂತ ಪೂರ್ತಿ ಫೋಟೊ ಹಾಕಿದರೆ ಮುಖಗಳು ಅಕ್ಕಿಕಾಳಿನಷ್ಟಾಗುತ್ತವೆ. ಎದೆಯಿಂದ ಮೇಲಿನ ಭಾಗವನ್ನಷ್ಟೇ ಆರಿಸಿ.

ನಮ್ಮ ಮಲೆನಾಡಿನಲ್ಲಿ ಫೋಟೊಗೆ ದೊಡ್ಡ ಶತ್ರು ಥಂಡಿ. ಲ್ಯಾಬ್ ಫೋಟೊದ ಮೇಲ್ಪದರ ಜೆಲಾಟಿನ್ನಿನದು, ಅದು ಗಾಳಿಯ ತೇವವನ್ನು ಹೀರಿ ಮೆತ್ತಗಾಗಿ ಮುಂದಿನ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಳ್ಳುತ್ತದೆ. ಮಳೆಗಾಲ ಕಳೆದು ತೆಗೆಯಲು ಹೋದರೆ ಮುಖದ ಬಣ್ಣವೇ ಕಿತ್ತು ಬರುತ್ತದೆ. ಬೂಸ್ಟು ಹಿಡಿಯುವುದು ಬೇರೆ. ಇದನ್ನು ತಪ್ಪಿಸಲು ಫೋಟೊದ ಅಂಚಿಗೆ ನೂಲಿನಷ್ಟು ಅಗಲದ ದಪ್ಪ ಕಾಗದದ ಕಟ್ಟು ಕತ್ತರಿಸಿ ಮುಂದೆ ಇಟ್ಟರೆ ಫೋಟೊಗೂ ಪ್ಲಾಸ್ಟಿಕ್ಕಿಗೂ ನಡುವೆ ಗಾಳಿ ಆಡುತ್ತದೆ. ಅಥವಾ ನಾಲ್ಕೂ ಅಂಚು ಮುಚ್ಚುವಂತೆ ತೆಳುವಾಗಿ ಲ್ಯಾಮಿನೇಷನ್ ಮಾಡಿಸಿ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಪ್ರತಿ ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಈಗಾಗಲೇ ಅಂಟಿಕೊಂಡಿದ್ದರೆ ಎಳೆಯದೆ, ಅಂಟಿರುವಂತೆಯೇ ಪ್ಲಾಸ್ಟಿಕ್ಕಿನ ಮೇಲಿಂದ ಸ್ಕ್ಯಾನ್ ಮಾಡಿಸಿಕೊಳ್ಳಿ.

ಸಾಗರ ರಿಪೇರಿ ಅಂಗಡಿ

ಥಂಡಿಯ ಮಾತು ಸೆಲ್ ಖಾನೆಗೂ ಅನ್ವಯಿಸುತ್ತದೆ. ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಕಂಡರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಒರೆಸಿದರೆ ಸಾಕು. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ, ಹತ್ತಿಯ ತುದಿಗೆ ಒಂದೆರಡು ಹನಿ ಲಿಂಬೆರಸ ತಾಗಿಸಿ ಒರೆಸಿ, ನಂತರ ತೇವದ ಬಟ್ಟೆಯಿಂದ, ಕೊನೆಗೆ ಒಣ ಬಟ್ಟೆಯಿಂದ ಒರೆಸಿ. ಸೋರಿದ್ದು ಕ್ಷಾರ, ಅದನ್ನು ಹುಳಿ ತೆಗೆಯುತ್ತದೆ. ಬರಿಗೈಯಿಂದ ಮುಟ್ಟಬೇಡಿ. ಗಡಿಯಾರವನ್ನು ಬಳಸದೆ ಕಪಾಟಿನಲ್ಲಿ ಇಡುವ ತಿಂಗಳುಗಳಲ್ಲಿ ಸೆಲ್ ಒಳಗೆ ಇರಬಾರದು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡಿ.

ಶಿವಮೊಗ್ಗದ ದಾದಿ

ಬಟನ್ ಸೆಲ್‌ಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಖಾನೆಯ ಮುಚ್ಚಳಕ್ಕೆ ಸ್ಕ್ರೂ ಇರುವ ಗಡಿಯಾರವನ್ನೇ ಕೊಳ್ಳಿ, ಇಲ್ಲವಾದರೆ ಗಟ್ಟಿ ಟೇಪು ಹಾಕಿ. ಮಗು ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಗೋಡೆಯನ್ನು ಸುಡಬಲ್ಲದು. ಅದರಲ್ಲಿಯೂ ಸಿಆರ್ 2032 ಎಂಬ 20 ಮಿಲಿಮೀಟರಿನ ಲಿಥಿಯಂ ಬಿಲ್ಲೆ ಅತ್ಯಂತ ಅಪಾಯದ್ದು. ಖಾಲಿಯಾದ ಸೆಲ್ ಕೂಡ ಹಾನಿ ಮಾಡಬಹುದು. ನುಂಗಿರಬಹುದೆಂಬ ಸಂಶಯ ಬಂದರೂ ವಾಂತಿ ಮಾಡಿಸಲು ಹೋಗದೆ, ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಬೇಕು. ತೀರಿದ ಸೆಲ್‌ಗಳನ್ನು ಬಚ್ಚಲ ಒಲೆಗೆ ಎಸೆಯುವ ರೂಢಿ ನಮ್ಮ ಕಡೆ ಇದೆ. ಬೆಂಕಿಯಲ್ಲಿ ಅವು ಸಿಡಿಯುತ್ತವೆ, ದಯವಿಟ್ಟು ಬೇಡ.

ದುಬೈ ಮಲೆನಾಡಿಗ

ಪ್ರಯಾಣದ ಗಡಿಯಾರವೆಂದ ಮೇಲೆ ಹೊರದೇಶದ ಸಮಯದ ಬಗ್ಗೆ ಒಂದು ಮಾತು. ಇಲ್ಲಿಯ ಸಮಯ ನಮ್ಮೂರಿಗಿಂತ ಒಂದೂವರೆ ಗಂಟೆ ಹಿಂದೆ, ಕತಾರ್ ಮತ್ತು ಕುವೈತಿನದು ಎರಡೂವರೆ ಗಂಟೆ ಹಿಂದೆ. ಅಗ್ಗದ ಗಡಿಯಾರಗಳ ‘ಎರಡನೆಯ ಸಮಯ’ ಪೂರ್ತಿ ಗಂಟೆಗಳಲ್ಲಿ ಮಾತ್ರ ಸರಿಯುತ್ತದೆ, ಅರ್ಧ ಗಂಟೆ ಅದಕ್ಕೆ ಬರುವುದಿಲ್ಲ. ಆದ್ದರಿಂದ ಮುಖ್ಯ ಸಮಯವನ್ನೇ ಬದಲಿಸಿಕೊಳ್ಳುವುದು ಉತ್ತಮ. ಬ್ಯಾಗಿನಲ್ಲಿ ಇಡುವಾಗ ಅಲಾರಂ ಆಫ್ ಇರಲಿ.

ಹೊಸನಗರದ ಮೇಷ್ಟ್ರು

ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಸಮಂಜಸವಾಗಿದೆ, ಒಪ್ಪಿದ್ದೇನೆ. ಗಡಿಯಾರವನ್ನು ಎಷ್ಟು ದಿನಕ್ಕೊಮ್ಮೆ ಸರಿಪಡಿಸಬೇಕಾಗುತ್ತದೆ ಎಂಬುದನ್ನೂ ಯಾರಾದರೂ ತಿಳಿಸಿದರೆ ಒಳ್ಳೆಯದು.

ಸಾಗರ ರಿಪೇರಿ ಅಂಗಡಿ

ಮೇಷ್ಟ್ರೇ, ಒಳಗಿರುವ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಸೆಕೆಂಡಿನ ಮಿಡಿತ ಸಿಗುತ್ತದೆ. ಸಾಧಾರಣ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಹೆಚ್ಚುಕಡಿಮೆ ಇರಬಹುದು, ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಒಂದು ನಿಮಿಷದೊಳಗೆ. ತಿಂಗಳಿಗೊಮ್ಮೆ ಆಕಾಶವಾಣಿಯ ವಾರ್ತೆಗೋ ಮೊಬೈಲಿನ ಸಮಯಕ್ಕೋ ಹೋಲಿಸಿ ಸರಿಮಾಡಿದರೆ ಸಾಕು. ಮಾತ್ರೆಯ ಕೆಲಸಕ್ಕೆ ಇದು ಬೇಕಾದಷ್ಟಾಯಿತು.

ತೀರ್ಥಹಳ್ಳಿಯ ಮಗಳು

ನಮ್ಮ ಗಡಿಯಾರ ಪರೀಕ್ಷೆಯಲ್ಲಿ ಗೆದ್ದಿದೆ. ರಾತ್ರಿಯೆಲ್ಲ ಸೆಲ್ ಇಲ್ಲದೆ ಇದ್ದರೂ ಬೆಳಿಗ್ಗೆ ‘ಒಂದು, ಎರಡು, ಮೂರು’ ಕೇಳಿಸಿತು. ಮೊಮ್ಮಗಳ ಧ್ವನಿಯನ್ನು ಮೊದಲು ಮೊಬೈಲಿನಲ್ಲಿ ಇಟ್ಟುಕೊಂಡು, ನಂತರ ಗಡಿಯಾರಕ್ಕೆ ಬೇರೆಯಾಗಿ ಹೇಳಿಸಿದೆವು. ಫೋಟೊದ ಹೊಸ ಪ್ರತಿ ಬರಬೇಕಾಗಿದೆ.

ಎರಡು ವಿಷಯ ಬಾಕಿ ಉಳಿದಿವೆ. ಬೆಳಿಗ್ಗೆಗೂ ರಾತ್ರಿಗೂ ಬೇರೆ ಬೇರೆ ಮಾತ್ರೆ, ಆದರೆ ಗಡಿಯಾರದಲ್ಲಿ ಅಲಾರಂ ಎರಡಿದ್ದರೂ ಧ್ವನಿ ಒಂದೇ. ಇನ್ನೊಂದು, ಅಪ್ಪಯ್ಯ ಮುಂದಿನ ವಾರ ಬಸ್ಸಿನಲ್ಲಿ ಸಾಗರಕ್ಕೆ ಹೊರಡುತ್ತಾರೆ. ಚೀಲದೊಳಗೆ ರೆಕ್ ಗುಂಡಿ ಒತ್ತಿಹೋಗಿ ಧ್ವನಿ ಅಳಿಸಿಹೋಗದಂತೆ ಏನು ಮಾಡಬೇಕು?

ಶಿವಮೊಗ್ಗದ ದಾದಿ

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಧ್ವನಿಯಲ್ಲಿ ಮಾತ್ರೆಯ ಹೆಸರನ್ನಾಗಲಿ ಬಣ್ಣವನ್ನಾಗಲಿ ಹೇಳಿಸಬೇಡಿ, ವೈದ್ಯರು ಮಾತ್ರೆ ಬದಲಿಸಿದರೆ ಅದು ತಪ್ಪು ದಾರಿ ತೋರಿಸುತ್ತದೆ. ಔಷಧದ ಅಂಗಡಿಯಲ್ಲಿ ವಾರದ ಏಳು ದಿನಕ್ಕೂ ಬೆಳಿಗ್ಗೆ, ರಾತ್ರಿ ಎಂದು ಬೇರೆ ಬೇರೆ ಖಾನೆಗಳಿರುವ ಮಾತ್ರೆಡಬ್ಬಿ ಸಿಗುತ್ತದೆ. ಮಾತ್ರೆಗಳನ್ನು ಅದರಲ್ಲಿ ವಾರಕ್ಕೊಮ್ಮೆ ತುಂಬಿಸಿಟ್ಟು, ‘ಅಜ್ಜಯ್ಯಾ, ಡಬ್ಬಿಯ ಈ ಹೊತ್ತಿನ ಖಾನೆ ತೆಗೀರಿ’ ಎಂದು ಹೇಳಿಸಿದರೆ ಒಂದೇ ಧ್ವನಿ ಎರಡು ಹೊತ್ತಿಗೂ ಒದಗುತ್ತದೆ. ತೆಗೆದುಕೊಂಡಿದ್ದಾರೋ ಇಲ್ಲವೋ ಎಂಬುದು ಖಾನೆ ನೋಡಿದರೆ ಮನೆಯವರಿಗೂ ತಿಳಿಯುತ್ತದೆ. ಥೈರಾಯ್ಡ್ ಮಾತ್ರೆಯ ನಂತರ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಕೂಡದು. ಆದ್ದರಿಂದ ಬೆಳಗಿನ ಅಲಾರಮ್ಮನ್ನು ಮನೆಯಲ್ಲಿ ಕಾಫಿ ಆಗುವ ಹೊತ್ತಿಗಿಂತ ಅಷ್ಟು ಮುಂಚಿತವಾಗಿ ಇಡಿ.

ಸಾಗರ ರಿಪೇರಿ ಅಂಗಡಿ

ಎರಡನೆಯದು ಸುಲಭ. ನಿಮ್ಮ ಚಿಪ್ಪು ಧ್ವನಿಯನ್ನು ಉಳಿಸಿಕೊಳ್ಳುವ ಬಗೆಯದೆಂದು ಖಚಿತವಾಗಿರುವುದರಿಂದ, ಹೊರಡುವ ಮೊದಲು ಆ ಪ್ಲಾಸ್ಟಿಕ್ ಪಟ್ಟಿಯನ್ನು ಧ್ವನಿಯ ಖಾನೆಯ ಸೆಲ್‌ಗೂ ಸ್ಪ್ರಿಂಗಿಗೂ ನಡುವೆ ಮತ್ತೆ ಸೇರಿಸಿಡಿ. ವಿದ್ಯುತ್ತಿಲ್ಲದೆ ರೆಕ್ ಗುಂಡಿ ಒತ್ತಿದರೂ ಏನೂ ಅಳಿಸುವುದಿಲ್ಲ. ಗಡಿಯಾರದ ಖಾನೆಯನ್ನು ಮುಟ್ಟಬೇಡಿ, ಸಮಯ ನಡೆಯುತ್ತಲೇ ಇರಲಿ. ಸಾಗರ ತಲುಪಿದ ಕೂಡಲೇ ಪಟ್ಟಿ ಎಳೆದು, ಪ್ಲೇ ಒತ್ತಿ ಒಮ್ಮೆ ಕೇಳಿ, ಗಂಟೆಯ ಚಿತ್ರ ಪರದೆಯ ಮೇಲಿದೆಯೇ ಎಂದು ನೋಡುವಂತೆ ಅತ್ತೆಯವರಿಗೆ ಫೋನಿನಲ್ಲಿ ಹೇಳಿ. ಏನಾದರೂ ತೊಡಕಾದರೆ ಅಂಗಡಿಗೆ ಕಳುಹಿಸಿಕೊಡಿ.